ಬಸಮ್ಮ, ಬಸವ್ವ ಮತ್ತು ಸೈಬರ್ ಸೆಂಟರಿನವನ ಫೋನ್ ನಂಬರು: ವಿಕಲಚೇತನ ವಿದ್ಯಾರ್ಥಿಗಳು ಸ್ಕಾಲರ್‌ಶಿಪ್ ಅರ್ಜಿ ಹಾಕುವ ಬಗೆ

ಜುಲೈ ಬಂತೆಂದರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲಗಳು ಬಂದು ಕೂಡುತ್ತವೆ. ಒಂದೊಂದು ಚೀಲದಲ್ಲಿ ಒಂದೊಂದು ಮನೆಯ ಕಾಗದಪತ್ರ: ಆಧಾರ್, ರೇಷನ್ ಕಾರ್ಡು, ಅಂಕಪಟ್ಟಿ, ಮಡಿಸಿ ಮಡಿಸಿ ಗೆರೆ ಬಿದ್ದ ಅಂಗವಿಕಲ ಸರ್ಟಿಫಿಕೇಟು, ನಡುವೆ ಯಾವಾಗಲೋ ಸಿಕ್ಕಿಕೊಂಡ ಗೊಬ್ಬರದ ಅಂಗಡಿಯ ರಸೀದಿ. ನಾನು ಹಾವೇರಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕನ್ನಡ ಹೇಳುವ ಅತಿಥಿ ಉಪನ್ಯಾಸಕಿ. ಸ್ಕಾಲರ್‌ಶಿಪ್ ನೋಡಿಕೊಳ್ಳಿ ಎಂದು ನನಗೆ ಯಾರೂ ಆರ್ಡರ್ ಕೊಟ್ಟಿಲ್ಲ. ಆದರೆ ಹುಟ್ಟಿನಿಂದ ನನಗೂ ದೃಷ್ಟಿ ಮಂದ. ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲದೆ ಸದಾ ಓಲಾಡುತ್ತವೆ. ಹಾಗಾಗಿ 'ಆ ಮೇಡಮ್ಮಾರಿಗೆ ಎಲ್ಲಾ ಗೊತ್ತೈತಿ' ಎಂದು ಹುಡುಗರೇ ಒಬ್ಬರಿಗೊಬ್ಬರು ಹೇಳಿಕೊಂಡು ಬರುತ್ತಾರೆ.

ಎಲ್ಲಾ ಏನೂ ಗೊತ್ತಿಲ್ಲ. ಆದರೆ ಆರು ವರ್ಷ ಈ ಚೀಲಗಳನ್ನು ಬಿಚ್ಚಿದ ಮೇಲೆ ಇಷ್ಟು ಹೇಳಬಲ್ಲೆ: ಅರ್ಹತೆ ಇಲ್ಲದೆ ಸ್ಕಾಲರ್‌ಶಿಪ್ ತಪ್ಪಿಸಿಕೊಂಡವರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಹೆಸರಿನ ಒಂದು ಅಕ್ಷರ, ಬ್ಯಾಂಕ್ ಖಾತೆಯ ಒಂದು ಜೋಡಣೆ, ಯಾರೂ ಓದದ ಒಂದು ಎಸ್‌ಎಂಎಸ್, ಇವುಗಳಿಂದ ತಪ್ಪಿಸಿಕೊಂಡವರೇ ಹೆಚ್ಚು. ಅದರಲ್ಲಿ ಮೊದಲನೆಯವಳು ನಾನೇ.

2017ರಲ್ಲಿ ಎಂಎ ಮೊದಲ ವರ್ಷ ಓದುವಾಗ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿದೆ. ಪರದೆಯ ಮೇಲಿನ ಅಕ್ಷರ ನನಗೆ ಕಾಣುತ್ತಿರಲಿಲ್ಲ, ಹಿಂದೆ ಹತ್ತು ಜನ ಸರತಿಯಲ್ಲಿ ನಿಂತಿದ್ದರು, 'ಬೇಗ ಬೇಗ' ಎನ್ನುವ ಗದ್ದಲ. ಆತ ಕೇಳಿದ್ದಕ್ಕೆ ಹೇಳಿದೆ, ದುಡ್ಡು ಕೊಟ್ಟು ಬಂದೆ. ಮೊಬೈಲ್ ನಂಬರ್ ಜಾಗದಲ್ಲಿ ಆತ ತನ್ನ ನಂಬರನ್ನೇ ಹಾಕಿಕೊಂಡಿದ್ದ. ಓಟಿಪಿಗೆ ಅನುಕೂಲ ಆಗಲಿ ಅಂತ. ಫೀ ರಸೀದಿ ಸ್ಕ್ಯಾನ್ ಮಸುಕಾಗಿದೆ ಎಂದು ಅರ್ಜಿ ತಿದ್ದುಪಡಿಗೆ ವಾಪಸ್ ಬಂತು. ಆ ಎಸ್‌ಎಂಎಸ್ ಹೋದದ್ದು ಅವನ ಫೋನಿಗೆ. ಅವನಿಗೆ ದಿನಕ್ಕೆ ಇಂಥವು ನೂರು ಬರುತ್ತಿದ್ದವೋ ಏನೋ, ಅಳಿಸಿ ಹಾಕಿದ. ನನಗೆ ಗೊತ್ತಾದಾಗ ಮಾರ್ಚ್. ಆ ವರ್ಷದ ಮೆಸ್ ಬಿಲ್ಲು ನಮ್ಮ ಸೋದರಮಾವ ಕಟ್ಟಿದ. ಇವತ್ತಿಗೂ ಯಾರದ್ದಾದರೂ ಮದುವೆಯಲ್ಲಿ ನಾಲ್ಕು ಜನ ಕೂಡಿದಾಗ ಆ ಮಾತು ಎತ್ತದೆ ಊಟಕ್ಕೆ ಏಳುವುದಿಲ್ಲ.

ಆದ್ದರಿಂದ ಮೊದಲ ಕೆಲಸ: ಅರ್ಜಿಯಲ್ಲಿ ನಿಮ್ಮದೇ ನಂಬರು. ಅದು ಆಧಾರ್‌ಗೆ ಜೋಡಿಸಿದ ನಂಬರೇ ಆಗಿರಬೇಕು, ಆ ಸಿಮ್ ಓದು ಮುಗಿಯುವವರೆಗೆ ಜೀವಂತ ಇರಬೇಕು. ಆಫರ್ ಇದೆ ಅಂತ ಸಿಮ್ ಬದಲಿಸುವ ಹುಡುಗರಿಗೆ ನಾನು ಬೈಯುವುದು ಇದಕ್ಕೇ.

ಮೊದಲು ಯುಡಿಐಡಿ

ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ಅಂಗವೈಕಲ್ಯದ ಹೆಸರಿನಲ್ಲಿ ಕೇಳುವ ಯಾವುದೇ ಸ್ಕಾಲರ್‌ಶಿಪ್‌ಗೆ ಈಗ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಸಂಖ್ಯೆ, ಬೇಕು. ಸ್ವಾವಲಂಬನ್ ಕಾರ್ಡ್ ಎನ್ನುವ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ಅಲ್ಲೇ ಆಸ್ಪತ್ರೆ ಆರಿಸಿಕೊಳ್ಳಬೇಕು, ಕರೆದ ದಿನ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು. ಕಾರ್ಡಿನ ಬಣ್ಣ ಶೇಕಡಾವಾರಿಗೆ ತಕ್ಕಂತೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ನನ್ನದು ಹಳದಿ. ಸ್ಕಾಲರ್‌ಶಿಪ್‌ಗೆ ಶೇ 40 ಗಡಿ. ಬಿಳಿ ಕಾರ್ಡ್ ಹಿಡಿದು ಬಂದವರಿಗೆ ಈ ಯೋಜನೆಗಳು ದಕ್ಕುವುದಿಲ್ಲ. ಅವರು ಜಾತಿ, ಆದಾಯ, ಅಂಕದ ಆಧಾರದ ಬೇರೆ ವಿದ್ಯಾರ್ಥಿವೇತನ ನೋಡಬೇಕು.

ಅಂಗವೈಕಲ್ಯ ಎಂದರೆ ಕೈ, ಕಾಲು, ಕಣ್ಣು, ಕಿವಿ ಅಷ್ಟೇ ಎಂದುಕೊಂಡವರು ಇನ್ನೂ ಬಹಳ ಜನ. 1995ರ ಕಾಯ್ದೆಯಲ್ಲಿ ಏಳು ಬಗೆ ಇದ್ದದ್ದು 2016ರ ಕಾಯ್ದೆಯಲ್ಲಿ 21 ಆಯಿತು. ಹೀಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್, ಕುಬ್ಜತೆ, ಡಿಸ್‌ಲೆಕ್ಸಿಯಾದಂಥ ಕಲಿಕಾ ತೊಂದರೆ, ದೀರ್ಘಕಾಲದ ಮಾನಸಿಕ ಕಾಯಿಲೆ, ಆಸಿಡ್ ದಾಳಿಗೆ ಒಳಗಾದವರು, ಎಲ್ಲ ಅದರಲ್ಲಿ ಬರುತ್ತಾರೆ. ಎರಡು ವರ್ಷದ ಹಿಂದೆ ಒಬ್ಬ ಬಿಕಾಂ ಹುಡುಗ ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಲು ರಜೆ ಕೇಳುತ್ತಿದ್ದ. ತಾನು ಈ ಪಟ್ಟಿಯಲ್ಲಿ ಇದ್ದೇನೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ದ್ವಿತೀಯ ವರ್ಷದಲ್ಲಿ ಯುಡಿಐಡಿ ಮಾಡಿಸಿದ. ಮೊದಲ ವರ್ಷದ ಹಣ ಹೋದದ್ದು ಹೋಯಿತು.

ಸರ್ಟಿಫಿಕೇಟಿನಲ್ಲಿ ನೋಡಲೇಬೇಕಾದ ಇನ್ನೊಂದು ಸಾಲಿದೆ: ಅದು ಶಾಶ್ವತವೋ ತಾತ್ಕಾಲಿಕವೋ. ತಾತ್ಕಾಲಿಕವಾದರೆ ಕೆಳಗೆ ಅವಧಿ ಬರೆದಿರುತ್ತದೆ. ಅರ್ಜಿಯ ಹೊತ್ತಿಗೆ ಅವಧಿ ಮುಗಿದಿದ್ದರೆ ಮತ್ತೆ ಆಸ್ಪತ್ರೆ. 2024ರ ಅಕ್ಟೋಬರಿನಲ್ಲಿ ತಿದ್ದಿದ ನಿಯಮದ ಪ್ರಕಾರ ಸರ್ಟಿಫಿಕೇಟು ಕೊಡಲು ಆಸ್ಪತ್ರೆಗೆ ಮೂರು ತಿಂಗಳ ಕಾಲಾವಕಾಶ ಇದೆ. ಎಂದಮೇಲೆ ಆಗಸ್ಟಿನಲ್ಲಿ ಓಡಿದರೆ ಆಗುವುದಿಲ್ಲ, ಪಿಯುಸಿ ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲೇ ಹೋಗಬೇಕು. ಹೋಗುವಾಗ ಹಳೆಯ ವೈದ್ಯಕೀಯ ದಾಖಲೆಗಳನ್ನೆಲ್ಲ ಒಯ್ಯಿರಿ. ನನ್ನನ್ನು ಒಮ್ಮೆ ಮಧ್ಯಾಹ್ನದವರೆಗೆ ಕೂರಿಸಿ 'ಇವತ್ತು ಕಣ್ಣಿನ ಡಾಕ್ಟರು ಇಲ್ಲ, ಮುಂದಿನ ವಾರ ಬಾ' ಎಂದು ಕಳಿಸಿದ್ದರು. ಅಂದಿನಿಂದ ಯಾವ ವಿಭಾಗದವರು ಯಾವ ವಾರ ಕೂರುತ್ತಾರೆ ಎಂದು ಮೊದಲೇ ವಿಚಾರಿಸದೆ ಬಸ್ ಹತ್ತುವುದಿಲ್ಲ.

ಇದನ್ನೆಲ್ಲ ಒಬ್ಬರೇ ಮಾಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ. ಅವರಲ್ಲಿ ಬಹಳಷ್ಟು ಜನ ತಾವೂ ವಿಕಲಚೇತನರೇ. ಆಸ್ಪತ್ರೆಯ ದಾರಿ, ಯಾವ ಟೇಬಲ್ಲಿನಲ್ಲಿ ಕಡತ ನಿಲ್ಲುತ್ತದೆ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಯಾರನ್ನು ಕೇಳಬೇಕು, ಇದು ಅವರಿಗೆ ಗೊತ್ತಿರುವಷ್ಟು ಗೂಗಲ್‌ಗೂ ಗೊತ್ತಿಲ್ಲ. ಗೌರವಧನ ಅಷ್ಟಕ್ಕಷ್ಟೇ ಇದ್ದರೂ ಬೈಕಿನ ಪೆಟ್ರೋಲು ತಾವೇ ಹಾಕಿಕೊಂಡು ಓಡಾಡುವವರನ್ನು ಕಂಡಿದ್ದೇನೆ. ಅವರ ನಂಬರು ಫೋನಿನಲ್ಲಿ ಇರಲಿ.

ಬಸಮ್ಮ ಯಾರು, ಬಸವ್ವ ಯಾರು

ಚೀಲ ಬಿಚ್ಚಿದ ಕೂಡಲೇ ನಾನು ಮಾಡುವುದು ಒಂದೇ. ಐದು ಕಾಗದ ಸಾಲಾಗಿ ಇಡುತ್ತೇನೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಯುಡಿಐಡಿ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಭೂತಗನ್ನಡಿ ಹಿಡಿದು ಒಂದೊಂದರ ಹೆಸರನ್ನು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದುತ್ತೇನೆ, ಎದುರು ಕೂತವರು ಬರೆದುಕೊಳ್ಳುತ್ತಾರೆ. ಹತ್ತರಲ್ಲಿ ಆರೇಳು ಜನರ ಮುಖ ಈ ಹಂತದಲ್ಲೇ ಬಾಡುತ್ತದೆ.

ನಮ್ಮ ಕಡೆ ಹೆಸರಿನ ಗೋಜಲು ಹೇಗೆಂದರೆ, ಮನೆಯಲ್ಲಿ ಬಸವ್ವ. ಶಾಲೆಗೆ ಸೇರಿಸುವಾಗ ಮಾಸ್ತರರು ಸುಧಾರಿಸಿ ಬಸಮ್ಮ ಅಂತ ಬರೆದರು. ಆಧಾರ್ ಮಾಡಲು ಬಂದವನು ಬಾಯಲ್ಲಿ ಕೇಳಿದಂತೆ ಬಸವ್ವ ಎಂದೇ ಒತ್ತಿದ. ಆಧಾರ್‌ನಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಉದ್ದಕ್ಕೆ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮೊದಲಿಗೆ. ಹಾನಗಲ್ ಕಡೆಯ ಒಬ್ಬ ಹುಡುಗಿಯ ಐದು ಕಾಗದದಲ್ಲಿ ನಾಲ್ಕು ಹೆಸರು ಇದ್ದವು. ಅವಳ ಅವ್ವ ಪಕ್ಕದಲ್ಲಿ ಕೂತು, 'ಹಡದಾಕಿ ನಾನs ಅದೀನಲ್ರಿ, ಇಕಿನs ನನ್ನ ಮಗಳು ಅಂತ ಹೇಳ್ತೀನಲ್ಲ, ಸಾಲಂಗಿಲ್ಲೇನು?' ಎಂದಳು. ಕಂಪ್ಯೂಟರಿಗೆ ಸಾಲುವುದಿಲ್ಲ ಅವ್ವಾ, ಎಂದೆ.

ತಿದ್ದುವ ಕ್ರಮ ಹೀಗಿರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಬೇರು ಎಂದು ಹಿಡಿಯಿರಿ, ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ಸರಿಯಾಗಿ ಆಧಾರ್ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಆದ್ದರಿಂದ ಆಪರೇಟರ್ ಒತ್ತಿದ್ದನ್ನು ಪರದೆಯ ಮೇಲೆ ಓದಿಸಿಕೊಂಡು, ಇಲ್ಲವೇ ಯಾರಿಂದಾದರೂ ಓದಿಸಿ, ಆಮೇಲೆ ಒಪ್ಪಿಗೆ ಕೊಡಿ. ಆಧಾರ್ ಸರಿಯಾದ ಮೇಲೆ ಯುಡಿಐಡಿ; ಅದರ ಪೋರ್ಟಲಿನಲ್ಲೇ ವಿವರ ತಿದ್ದಲು ಅವಕಾಶ ಇದೆ. ಕೊನೆಗೆ ಬ್ಯಾಂಕು. ಇದನ್ನು ಉಲ್ಟಾ ಮಾಡಿದರೆ, ಅಂದರೆ ಬ್ಯಾಂಕ್ ಮೊದಲು ತಿದ್ದಿಸಿ ಆಮೇಲೆ ಆಧಾರ್‌ಗೆ ಹೋದರೆ, ಎರಡೆರಡು ಸಲ ಅಲೆದಾಟ.

ಜಾತಿ-ಆದಾಯ ಪ್ರಮಾಣಪತ್ರಕ್ಕೆ ಗ್ರಾಮ ಒನ್‌ನಲ್ಲೋ ನಾಡಕಚೇರಿಯಲ್ಲೋ ಅರ್ಜಿ ಕೊಡಿ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ರಾಜ್ಯದ ಪೋರ್ಟಲು ಕೇಳುತ್ತದೆ. ಹೊಸತು ಮಾಡಿಸುವಾಗ ತಲಾಟಿಯವರನ್ನು (ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ, ನಮ್ಮೂರಿಗೆ ಆ ಹೆಸರು ಬರಲು ಇನ್ನೂ ಇಪ್ಪತ್ತು ವರ್ಷ ಬೇಕು) ಒಮ್ಮೆ ಮುಖತಃ ಕಂಡರೆ ಕೆಲಸ ಚುರುಕಾಗುತ್ತದೆ.

ದುಡ್ಡು ಎಲ್ಲೆಲ್ಲಿದೆ

ದೊಡ್ಡದು ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲು, ಎನ್‌ಎಸ್‌ಪಿ. ಅದರಲ್ಲಿ ದಿವ್ಯಾಂಗಜನ ಸಬಲೀಕರಣ ಇಲಾಖೆಯ ಹೆಸರಿನಡಿ ಹುಡುಕಿ. 9 ಮತ್ತು 10ನೇ ತರಗತಿಗೆ ಪ್ರೀ-ಮೆಟ್ರಿಕ್. ಪಿಯುಸಿಯಿಂದ ಸ್ನಾತಕೋತ್ತರ ಪದವಿವರೆಗೆ ಪೋಸ್ಟ್-ಮೆಟ್ರಿಕ್. ಎರಡಕ್ಕೂ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಒಂದೇ ತಂದೆ-ತಾಯಿಯ ಇಬ್ಬರು ಮಕ್ಕಳವರೆಗೆ ಮಾತ್ರ. ಪೋಸ್ಟ್-ಮೆಟ್ರಿಕ್‌ನಲ್ಲಿ ಕೋರ್ಸು ಮತ್ತು ಹಾಸ್ಟೆಲ್ ನೋಡಿ ತಿಂಗಳ ನಿರ್ವಹಣಾ ಭತ್ಯೆ, ವರ್ಷಕ್ಕೊಮ್ಮೆ ಪುಸ್ತಕದ ಹಣ, ಅಂಗವೈಕಲ್ಯ ಭತ್ಯೆ, ಜೊತೆಗೆ ಒಂದು ಮಿತಿಯೊಳಗೆ ಫೀ ಮರುಪಾವತಿ ಇರುತ್ತದೆ. ದೇಶಕ್ಕೆಲ್ಲ ಸೇರಿ ಸಂಖ್ಯೆ ಗೊತ್ತುಪಡಿಸಿದ್ದಾರೆ, ಅರ್ಧ ಹೆಣ್ಣುಮಕ್ಕಳಿಗೆ ಮೀಸಲು. ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಎಂದಲ್ಲ, ಆದರೆ ಅರ್ಜಿಯನ್ನೇ ಹಾಕದವರಿಗೆ ಖಂಡಿತ ಸಿಗುವುದಿಲ್ಲ.

ಐಐಟಿ, ಐಐಎಂ, ಎನ್‌ಐಟಿಯಂಥ ಅಧಿಸೂಚಿತ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಟಾಪ್ ಕ್ಲಾಸ್ ಯೋಜನೆ ಬೇರೆ ಇದೆ, ಆದಾಯ ಮಿತಿ 8 ಲಕ್ಷ. ಅದರಲ್ಲಿ ಫೀ ಜೊತೆಗೆ ಕಂಪ್ಯೂಟರಿಗೂ ಸಹಾಯಕ ಸಾಧನಗಳಿಗೂ ನೆರವು ಸಿಗುತ್ತದೆ. ನಮ್ಮ ಕಾಲೇಜಿನವರಿಗೆ ಅದರ ಮಾತು ಬೇಡ ಎಂದು ಸುಮ್ಮನಿರುತ್ತಿದ್ದೆ. ನಮ್ಮ ಒಬ್ಬ ಹುಡುಗನ ತಮ್ಮನಿಗೇ ಎನ್‌ಐಟಿಯಲ್ಲಿ ಸೀಟು ಬಂದ ಮೇಲೆ ಎಲ್ಲರಿಗೂ ಹೇಳುತ್ತೇನೆ.

ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರಿದವರು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ, ಅಂದರೆ ಎಐಸಿಟಿಇಯ, ಸಕ್ಷಮ್ ವಿದ್ಯಾರ್ಥಿವೇತನ ಮರೆಯಬೇಡಿ. ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ 8 ಲಕ್ಷದೊಳಗೆ, ಎಐಸಿಟಿಇ ಮಾನ್ಯತೆ ಇರುವ ಕಾಲೇಜು. ಮೊದಲ ವರ್ಷದಲ್ಲಿ ಹಾಕಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಆ ವರ್ಷ. 'ಈ ವರ್ಷ ಗಡಿಬಿಡಿ, ಮುಂದಿನ ವರ್ಷ ಹಾಕಿದರಾಯ್ತು' ಎಂದರೆ ಬಾಗಿಲು ಮುಚ್ಚಿತು. ತಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಪಿಯು ಉಪನ್ಯಾಸಕರು ಒಂದು ಫೋನ್ ಮಾಡಿ ಇದನ್ನು ಹೇಳಿದರೂ ಎಷ್ಟೋ ಆಯಿತು.

ರಾಜ್ಯದ್ದು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ವಿಕಲಚೇತನರು ಎಲ್ಲರಿಗೂ ಒಂದೇ ಪೋರ್ಟಲು. ಇಲ್ಲಿ ಒಂದು ಹೆಚ್ಚಿನ ಹೆಜ್ಜೆ ಇದೆ: ಇ-ದೃಢೀಕರಣ. ಅಂಕಪಟ್ಟಿ, ಯುಡಿಐಡಿ ಮುಂತಾದ ಮೂಲ ದಾಖಲೆಗಳನ್ನು ಕಾಲೇಜಿನಲ್ಲಿ ಗೊತ್ತುಪಡಿಸಿದವರ ಹತ್ತಿರ ಒಯ್ದು ದೃಢೀಕರಿಸಿಕೊಳ್ಳಬೇಕು, ಅವರು ಕೊಟ್ಟ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಬೇಕು. ಆ ಅಧಿಕಾರಿ ಕೊನೆಯ ವಾರದಲ್ಲಿ ಸಿಗುವುದಿಲ್ಲ. ಚುನಾವಣೆ ಕೆಲಸ, ಮೌಲ್ಯಮಾಪನ, ಏನಾದರೊಂದು ಬಂದೇ ಬರುತ್ತದೆ.

ಎರಡೂ ಕಡೆ ತೆಗೆದುಕೊಳ್ಳಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಒಂದೇ ಕೋರ್ಸಿಗೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ನಡೆಯುವುದಿಲ್ಲ, ಆಧಾರ್‌ನಿಂದ ಸಿಕ್ಕಿಬೀಳುತ್ತೀರಿ. ಆದ್ದರಿಂದ ಕೂತು ಲೆಕ್ಕ ಹಾಕಿ. ಫೀ ಕಡಿಮೆ ಇರುವ ಸರ್ಕಾರಿ ಕಾಲೇಜಿನ ಬಿಎ ವಿದ್ಯಾರ್ಥಿಗೆ ಒಂದು ಲಾಭ, ಖಾಸಗಿ ಕಾಲೇಜಿನಲ್ಲಿ ಓದುವವನಿಗೆ ಇನ್ನೊಂದು. ಪೋರ್ಟಲಿನಲ್ಲಿ ಪ್ರತಿ ಯೋಜನೆಯ ಪಕ್ಕ ಮಾರ್ಗಸೂಚಿಯ ಪಿಡಿಎಫ್ ಇರುತ್ತದೆ. ಆ ವರ್ಷದ್ದನ್ನೇ ಇಳಿಸಿಕೊಂಡು ಓದಿ. ಯೂಟ್ಯೂಬಿನ ಅಣ್ಣಂದಿರು ಹೇಳುವುದು ಹೋದ ವರ್ಷದ್ದಾಗಿರಬಹುದು.

ಕಣ್ಣು ಮಿಟುಕಿಸುವ ಪರೀಕ್ಷೆ

ಎನ್‌ಎಸ್‌ಪಿಯಲ್ಲಿ ಈಗ ಮೊದಲು ಒಂದು ಬಾರಿಯ ನೋಂದಣಿ, ಓಟಿಆರ್, ಮಾಡಿಕೊಳ್ಳಬೇಕು. 14 ಅಂಕಿಯ ಸಂಖ್ಯೆ ಬರುತ್ತದೆ, ಓದು ಮುಗಿಯುವವರೆಗೂ ಅದೇ. ಆಧಾರ್ ಓಟಿಪಿ ಆದಮೇಲೆ ಫೋನಿನ ಆ್ಯಪಿನಲ್ಲಿ ಮುಖ ತೋರಿಸಬೇಕು. ಇಲ್ಲಿ ನಮ್ಮಂಥವರಿಗೆ ಪೇಚಾಟ. ಮುಖವನ್ನು ವೃತ್ತದೊಳಗೆ ಹಿಡಿ ಎನ್ನುತ್ತದೆ, ವೃತ್ತ ಕಾಣುವುದಿಲ್ಲ. ಕಣ್ಣು ಮಿಟುಕಿಸು ಎನ್ನುತ್ತದೆ, ಓಲಾಡುವ ಕಣ್ಣನ್ನು ಅದು ಕಣ್ಣು ಎಂದೇ ಗುರುತಿಸುವುದಿಲ್ಲ.

ನನ್ನಂತೆಯೇ ಕಣ್ಣಿರುವ ಬಿಎ ಹುಡುಗನೊಬ್ಬ ಒಂಬತ್ತು ಸಲ ಸೋತು ನನ್ನ ಹತ್ತಿರ ಬಂದಿದ್ದ. ನಾವು ಮಾಡಿದ್ದು ಇಷ್ಟು: ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನನ್ನು ಕಾರಿಡಾರಿನ ಬಿಳಿ ಗೋಡೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಿಸಿದೆವು, ಬೆಳಕು ಎದುರಿನಿಂದ ಮುಖಕ್ಕೆ ಬೀಳುವಂತೆ. ಕನ್ನಡಕ ತೆಗೆಸಿದೆವು. ಫೋನು ಅವನ ಕೈಯಲ್ಲಿ ಬೇಡ ಎಂದು ಅವನ ಗೆಳೆಯನ ಕೈಗೆ ಕೊಟ್ಟೆವು. ಗೆಳೆಯ ಎರಡೂ ಮೊಣಕೈ ಮೇಜಿನ ಮೇಲೆ ಊರಿ ಅಲುಗದಂತೆ ಹಿಡಿದ. ಗದ್ದ ಸ್ವಲ್ಪ ಕೆಳಗೆ. ಗೆಳೆಯ 'ಈಗ' ಎಂದಾಗ ಮಾತ್ರ ಕಣ್ಣು ಪೂರ್ತಿ ಮುಚ್ಚಿ ನಿಧಾನ ತೆರೆಯುವುದು. ಮೂರನೇ ಸಲಕ್ಕೆ ಆಯಿತು. ಕಾರಿಡಾರಿನಲ್ಲಿ ನಿಂತಿದ್ದ ಹುಡುಗರೆಲ್ಲ ವಿಕೆಟ್ ಬಿದ್ದ ಹಾಗೆ ಕೂಗಿದರು, ಪ್ರಿನ್ಸಿಪಾಲರು ಹೊರಗೆ ಬಂದು ನೋಡಿದರು.

ಆದರೂ ಆಗದಿದ್ದರೆ ನಿಮ್ಮ ತಪ್ಪೆಂದು ಸುಮ್ಮನಾಗಬೇಡಿ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ. ಆಸಿಡ್ ದಾಳಿಯಿಂದ ಕಣ್ಣು ಕಳೆದುಕೊಂಡವರು ಮಿಟುಕಿಸಲಾಗದೆ ಕೆವೈಸಿ ಮಾಡಿಸಿಕೊಳ್ಳಲಾಗದ್ದೇ ಆ ಪ್ರಕರಣದ ಮೂಲ. ಹೀಗಾಗಿ ಸೋತಾಗಲೆಲ್ಲ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ, ಕಾಲೇಜಿನ ನೋಡಲ್ ಅಧಿಕಾರಿಗೂ (ಸ್ಕಾಲರ್‌ಶಿಪ್ ಅರ್ಜಿ ಪರಿಶೀಲಿಸುವವರು) ಪೋರ್ಟಲಿನ ಸಹಾಯವಾಣಿಗೂ ಬರಹದಲ್ಲಿ ದೂರು ಕೊಡಿ. ಫೋನಿನಲ್ಲಿ ಹೇಳಿದ್ದಕ್ಕೆ ಗುರುತಿಲ್ಲ. ಕೈಬೆರಳು ಇಲ್ಲದವರಿಗೆ, ಬೆರಳಚ್ಚು ಬೀಳದವರಿಗೆ ಆಧಾರ್‌ನಲ್ಲೇ ಬಯೋಮೆಟ್ರಿಕ್ ವಿನಾಯಿತಿ ದಾಖಲಿಸುವ ವ್ಯವಸ್ಥೆ ಇದೆ. ಅದನ್ನು ಮೊದಲೇ ಮಾಡಿಸಿಕೊಳ್ಳಿ.

ಅರ್ಜಿ ತುಂಬುವಾಗಿನ ನನ್ನ ಅಭ್ಯಾಸ: ಎಲ್ಲ ವಿವರವನ್ನೂ ಮೊದಲು ನೋಟ್‌ಪ್ಯಾಡಿನಲ್ಲಿ ಒಂದರ ಕೆಳಗೊಂದು ಟೈಪ್ ಮಾಡಿ ಇಟ್ಟುಕೊಳ್ಳುತ್ತೇನೆ, ಆಮೇಲೆ ಒಂದೊಂದೇ ಅಂಟಿಸುತ್ತೇನೆ. ನಿಧಾನವಾಗಿ ಓದುವವರು ಟೈಪ್ ಮಾಡುತ್ತ ಕೂತರೆ ಸೆಷನ್ ಮುಗಿದು ಮೊದಲಿಂದ ಶುರು. ಪೂರ್ತಿ ಕಾಣದವರು ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ಎನ್‌ವಿಡಿಎ ಹಾಕಿಕೊಳ್ಳಿ, ಉಚಿತ. ಫೋನಿನಲ್ಲಿ ಟಾಕ್‌ಬ್ಯಾಕ್ ಇದ್ದೇ ಇದೆ. ಕ್ಯಾಪ್ಚಾಕ್ಕೆ ಮಾತ್ರ ಇನ್ನೊಂದು ಜೊತೆ ಕಣ್ಣು ಬೇಕಾಗುತ್ತದೆ, ನಾಚಿಕೆ ಪಡಬೇಡಿ. ಪಾಸ್‌ವರ್ಡ್ ಮಾತ್ರ ನೀವೇ ಒತ್ತಿ.

ಒತ್ತಿದ ಮೇಲೆ

ಸಬ್ಮಿಟ್ ಒತ್ತಿದ ದಿನ ಹುಡುಗರು ಬೇಕರಿಗೆ ಹೋಗಿ ಪಪ್ಸ್ ತಿನ್ನುತ್ತಾರೆ. ತಿನ್ನಲಿ. ಆದರೆ ಅರ್ಜಿ ಅಲ್ಲಿಂದ ಎರಡು ಕಡೆ ದಾಟಬೇಕು. ಮೊದಲು ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಬೇಕು, ಆಮೇಲೆ ಮೇಲಿನ ಹಂತದವರು. ಕಾಲೇಜಿನವರು ಒತ್ತದಿದ್ದರೆ ನಿಮ್ಮ ಅರ್ಜಿ ಎಷ್ಟೇ ಚೆಂದ ಇದ್ದರೂ ಅಲ್ಲೇ ಸಾಯುತ್ತದೆ. ಪೋರ್ಟಲಿನಲ್ಲಿ ಪ್ರತಿ ಯೋಜನೆಗೆ ಒಂದಲ್ಲ, ಹಲವು ಕೊನೆಯ ದಿನಾಂಕ ಬರೆದಿರುತ್ತಾರೆ: ವಿದ್ಯಾರ್ಥಿ ಅರ್ಜಿ ಹಾಕಲು, ದೋಷ ತಿದ್ದಲು, ಸಂಸ್ಥೆ ಪರಿಶೀಲಿಸಲು. ಹುಡುಗರು ಮೊದಲನೆಯದನ್ನು ಮಾತ್ರ ಓದುತ್ತಾರೆ. ಮೂರನ್ನೂ ಬರೆದುಕೊಳ್ಳಿ.

ಅರ್ಜಿಯ ಪ್ರಿಂಟ್ ತೆಗೆದು ದಾಖಲೆಗಳ ನಕಲು ಜೋಡಿಸಿ ಕಚೇರಿಗೆ ಕೊಡಿ. ಕೊಟ್ಟದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ವಾರಕ್ಕೊಮ್ಮೆ, ಸೋಮವಾರ ಎಂದಿಟ್ಟುಕೊಳ್ಳಿ, ಲಾಗಿನ್ ಆಗಿ ಸ್ಥಿತಿ ನೋಡಿ. 'ಡಿಫೆಕ್ಟ್' ಎಂದು ಬಂದಿದ್ದರೆ ಹೆದರಬೇಡಿ, ಅದು ತಿರಸ್ಕಾರ ಅಲ್ಲ. ಕಾರಣ ಓದಿ, ತಿದ್ದಿ, ಮತ್ತೆ ಕಳಿಸಿ. ನನ್ನ ಎಂಎ ಮೊದಲ ವರ್ಷದ ಅರ್ಜಿ ಅದೇ ಸ್ಥಿತಿಯಲ್ಲಿ ನಾಲ್ಕು ತಿಂಗಳು ನನಗಾಗಿ ಕಾಯುತ್ತಿತ್ತು.

ಕಚೇರಿಯ ಗುಮಾಸ್ತರ ಹತ್ತಿರ ಹೋಗುವಾಗ ಒಂದು ಸಲಹೆ: 'ನಂದು ಆಗಿಲ್ಲ' ಎಂದು ಹೋಗಬೇಡಿ. ಅರ್ಜಿ ಸಂಖ್ಯೆ, ಯೋಜನೆಯ ಹೆಸರು, ಸಂಸ್ಥೆ ಪರಿಶೀಲನೆಯ ಕೊನೆಯ ದಿನ, ಈ ಮೂರನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅವರ ಕೀಬೋರ್ಡಿನ ಮೇಲೆ ಇಡಿ. ಅವರ ಮೇಲೆ ನಾಲ್ಕು ನೂರು ಅರ್ಜಿಗಳ ಹೊರೆ ಇರುತ್ತದೆ. ಕಿವಿ ಕೇಳದ ಒಬ್ಬ ಹುಡುಗಿ ಈ ಚೀಟಿ ಪದ್ಧತಿಯನ್ನು ನನಗೆ ಕಲಿಸಿದ್ದು. ಅವಳಿಗೆ ಬೇರೆ ದಾರಿ ಇರಲಿಲ್ಲ, ಕಿವಿ ಚೆನ್ನಾಗಿರುವವರಿಗಿಂತ ಅವಳ ಕೆಲಸವೇ ಮೊದಲು ಆಗುತ್ತಿತ್ತು.

ಹಣ ಬರುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಜೋಡಣೆ ಆದ ಖಾತೆಗೆ. ಖಾತೆಗೆ ಆಧಾರ್ ನಕಲು ಕೊಟ್ಟಿದ್ದೇನೆ ಎಂದರೆ ಸಾಲದು, ನೇರ ನಗದು ವರ್ಗಾವಣೆಗೆಂದು ಸೀಡಿಂಗ್ ಆಗಿರಬೇಕು. ಮೈ ಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೋರಿಸುತ್ತದೆ: ಯಾವ ಬ್ಯಾಂಕು, ಸಕ್ರಿಯವೋ ಅಲ್ಲವೋ. ಎರಡು ಖಾತೆ ಇದ್ದವರಿಗೆ ಕೊನೆಗೆ ಜೋಡಿಸಿದ್ದಕ್ಕೆ ಹಣ ಹೋಗುತ್ತದೆ. ಒಬ್ಬ ಹುಡುಗ ಹಣ ಬಂದಿಲ್ಲವೆಂದು ವರ್ಷವೆಲ್ಲ ಅಲೆದ. ಎಂದೋ ಪೋಸ್ಟ್‌ಮನ್ ಮನೆಗೆ ಬಂದು ತೆರೆದುಕೊಟ್ಟಿದ್ದ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆಯಲ್ಲಿ ಅದು ತಣ್ಣಗೆ ಕೂತಿತ್ತು. ಅದು ಸಿಕ್ಕ ದಿನ ಅವನು ನನಗೆ ತಂದುಕೊಟ್ಟ ಬ್ಯಾಡಗಿ ಮೆಣಸಿನಕಾಯಿ ಎರಡು ತಿಂಗಳು ಬಂತು.

ಖಾಸಗಿಯವರಿಗೆ ಪತ್ರ

ಕಂಪನಿ, ಟ್ರಸ್ಟುಗಳ ವಿದ್ಯಾರ್ಥಿವೇತನಕ್ಕೆ ಒಂದು ಪುಟದ ಪತ್ರ ಕೇಳುತ್ತಾರೆ. ಹುಡುಗರು ಬರೆಯುವುದು ಒಂದೇ ಧಾಟಿ: 'ನಾನು ಬಡ ಅಂಗವಿಕಲ ವಿದ್ಯಾರ್ಥಿ, ತಾವು ದೊಡ್ಡ ಮನಸ್ಸು ಮಾಡಿ ಕೈ ಹಿಡಿದು ಕಾಪಾಡಬೇಕು.' ಇಂಥದ್ದನ್ನು ಓದುವವರು ದಿನಕ್ಕೆ ಸಾವಿರ ಓದಿರುತ್ತಾರೆ. ನಾನು ಕೆಂಪು ಪೆನ್ನಿನಿಂದ ಅದನ್ನು ಪೂರ್ತಿ ಹೊಡೆದು, ಹೋದ ತಿಂಗಳು ಓದಿಗಾಗಿ ಎಲ್ಲೆಲ್ಲಿ ಖರ್ಚು ಮಾಡಿದೆ ಬರೆ ಎನ್ನುತ್ತೇನೆ. ಕಾಲಿಗೆ ಕ್ಯಾಲಿಪರ್ ಹಾಕುವ ಒಬ್ಬ ಹುಡುಗಿ ಬರೆದದ್ದು ಹೀಗಿತ್ತು: 'ಬಸ್ ಪಾಸ್ ಇದೆ. ಆದರೆ ಬಸ್ ನಿಲ್ದಾಣದಿಂದ ಕಾಲೇಜಿಗೆ ಏರು ದಾರಿ. ಮಳೆಗಾಲದಲ್ಲಿ ಜಾರುತ್ತದೆ, ಆಟೋ ಹಿಡಿಯಬೇಕು. ಲ್ಯಾಬ್ ಎರಡನೇ ಮಹಡಿಯಲ್ಲಿದೆ. ಕ್ಯಾಲಿಪರಿನ ಬೆಲ್ಟು ವರ್ಷಕ್ಕೆರಡು ಸಲ ಹರಿಯುತ್ತದೆ. ಇಷ್ಟರ ನಡುವೆ ನಾಲ್ಕನೇ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರದಲ್ಲಿ ತರಗತಿಗೆ ಮೊದಲು ಬಂದಿದ್ದೇನೆ.' ಅದರ ಮೇಲೆ ಒಂದು ಅಕ್ಷರ ನಾನು ತಿದ್ದಲಿಲ್ಲ.

ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವನ್ನೂ ನೋಡಿ, ವರ್ಷಕ್ಕೆ 30,000. ಅದು ಅಂಗವೈಕಲ್ಯಕ್ಕೆಂದು ಇರುವುದಲ್ಲ, ಆದರೆ ನೀವೂ ಹೆಣ್ಣುಮಕ್ಕಳೇ ತಾನೆ. ನಮಗೆಂದು ಬೇರೆ ಮಾಡಿಟ್ಟ ಮೂಲೆಯಲ್ಲಷ್ಟೇ ಹುಡುಕುವ ಚಾಳಿ ನಮ್ಮಲ್ಲಿದೆ. ಮತ್ತೆ, ಅರ್ಜಿಗೆ ಶುಲ್ಕ ಕೇಳಿದರೆ, 'ಸ್ಯಾಂಕ್ಷನ್ ಆಗಿದೆ, ಓಟಿಪಿ ಹೇಳಿ' ಎಂದು ಫೋನ್ ಬಂದರೆ ಕಟ್ ಮಾಡಿ. ಎನ್‌ಎಸ್‌ಪಿಗೂ ಎಸ್‌ಎಸ್‌ಪಿಗೂ ಅರ್ಜಿ ಶುಲ್ಕ ಇಲ್ಲ.

ಇನ್ನು ಮರುವರ್ಷ. ಮೊದಲ ವರ್ಷ ಸಿಕ್ಕಿತೆಂದು ಎರಡನೇ ವರ್ಷ ತಾನಾಗಿ ಬರುವುದಿಲ್ಲ. ಮುಂದಿನ ತರಗತಿಗೆ ತೇರ್ಗಡೆಯಾಗಿ ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಹೊಸ ಅರ್ಜಿ ಅಲ್ಲ, ನವೀಕರಣ. ಹಳೆಯ ಅರ್ಜಿ ಸಂಖ್ಯೆ ಕಳೆದುಕೊಂಡು ಹೊಸದಾಗಿ ತುಂಬಿದವರು ಎರಡೂ ಕಡೆ ಇಲ್ಲದಂತಾಗುತ್ತಾರೆ. ಅದಕ್ಕೇ ನಾನು ಚೀಲ ವಾಪಸ್ ಕೊಡುವ ಮುಂಚೆ ಯುಡಿಐಡಿ ಕಾರ್ಡಿನ ಝೆರಾಕ್ಸ್ ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ, ನನಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಓಟಿಆರ್ ಸಂಖ್ಯೆ, ಅರ್ಜಿ ಸಂಖ್ಯೆ ಮತ್ತು ಕೊಟ್ಟ ಫೋನ್ ನಂಬರು ಬರೆದು ಕಳಿಸುತ್ತೇನೆ. ಗೊಬ್ಬರದ ರಸೀದಿ ಮಾತ್ರ ತೆಗೆದು ಅಪ್ಪನ ಕೈಗೆ ಕೊಡುತ್ತೇನೆ, ಅದನ್ನು ಅವರು ಮೂರು ತಿಂಗಳಿಂದ ಹುಡುಕುತ್ತಿರುತ್ತಾರೆ.